ನಾಲ್ಕು ಚಕ್ರ, ನಾಲ್ಕು ನಿಂಬೆಹಣ್ಣು: ಒಮಾನಿನ ಬೆಟ್ಟದ ಬುಡದಲ್ಲಿ ನಿಂತುಹೋದ ಒಂದು ಪ್ರವಾಸದ ಪ್ರಕರಣ ಅಧ್ಯಯನ

ಬೀದರಿನ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗೆ ಪ್ರಕರಣ ಅಧ್ಯಯನ ಬರೆಯುವುದನ್ನು ಕಲಿಸುವುದು ನನ್ನ ಕೆಲಸ. ನಷ್ಟದಲ್ಲಿ ಮುಳುಗಿದ ಕಾರ್ಖಾನೆ, ಬಾಗಿಲು ಹಾಕಿದ ಸಹಕಾರ ಸಂಘ, ಪಾಲುದಾರರು ಜಗಳವಾಡಿ ಒಡೆದ ಅಂಗಡಿ, ಹೀಗೆ ಇಷ್ಟು ವರ್ಷವೂ ಬೇರೆಯವರ ತಪ್ಪುಗಳನ್ನೇ ಬಿಡಿಸಿ ಹರಡಿಕೊಂಡು ಕುಳಿತಿದ್ದೇನೆ. ಈ ಸಲ ನನ್ನದೇ ಒಂದು ತಪ್ಪು ಕೈಗೆ ಸಿಕ್ಕಿದೆ. ನನ್ನದೇ ಎಂಬ ಮಾತನ್ನು ನಾನು ಪೂರ್ತಿ ಒಪ್ಪಿದವನಲ್ಲ. ಅದರಲ್ಲಿ ಎಷ್ಟು ಪಾಲು ನನ್ನದು, ಎಷ್ಟು ನನ್ನ ಗೆಳೆಯನದು ಎಂಬುದನ್ನು ನಿರ್ಧರಿಸುವುದೇ ಈ ಬರಹದ ಉದ್ದೇಶ.

ಪ್ರಕರಣದ ಸಂಗತಿ ಚಿಕ್ಕದು. ಏಪ್ರಿಲ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ, ಒಮಾನ್ ದೇಶದ ಬಿರ್ಕತ್ ಅಲ್ ಮೌಜ್ ಎಂಬ ಊರಿನ ಪೊಲೀಸ್ ತಪಾಸಣಾ ಠಾಣೆಯಲ್ಲಿ ನಮ್ಮ ಬಾಡಿಗೆ ಕಾರನ್ನು ಬೆಟ್ಟ ಹತ್ತಲು ಬಿಡದೆ ಹಿಂದಕ್ಕೆ ಕಳುಹಿಸಿದರು. ಬೆಟ್ಟದ ಮೇಲೆ ನಾವು ಹಣ ಕಟ್ಟಿ ಕಾಯ್ದಿರಿಸಿದ್ದ, ಕಟ್ಟಿದ ಹಣ ಹಿಂದಿರುಗದ ಕೋಣೆಯೊಂದಿತ್ತು. ಬೆಟ್ಟದ ಕೆಳಗೆ ನಾವಿದ್ದೆವು.

ಪಕ್ಷಗಳು

ಮೊದಲ ಪಕ್ಷ ನಾನು. ಗೆಳೆಯ ನನ್ನನ್ನು ಮಾಸ್ತರ ಎಂದು ಕರೆಯುತ್ತಾನೆ. ಎರಡನೆಯ ಪಕ್ಷ ಅವನು. ಊರೆಲ್ಲ ಅವನನ್ನು ಸಾವ್ಕಾರ ಎನ್ನುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. ನಮ್ಮಿಬ್ಬರದು ಪ್ರಾಥಮಿಕ ಶಾಲೆಯ ಒಂದೇ ಬೆಂಚಿನ ಸ್ನೇಹ. ನಾನು ಓದುತ್ತ ಹೋದೆ, ಅವನು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟ. ಅಂಗಡಿಗೆ ಮೂವತ್ತು ವರ್ಷವಾಗಿದೆ. ಗೇರ್ ಪೆಟ್ಟಿಗೆಯ ಸದ್ದು ಕೇಳಿಯೇ ಯಾವ ಹಲ್ಲು ಸವೆದಿದೆ ಎಂದು ಹೇಳಬಲ್ಲವನು ಅವನು. ಆದರೆ ಹತ್ತಿರದ ಅಕ್ಷರ ಅವನಿಗೆ ಕಾಣುವುದಿಲ್ಲ, ಕನ್ನಡಕವನ್ನು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿಯೇ ಬಿಟ್ಟು ಬರುವುದು ಅವನ ಹಳೆಯ ರೂಢಿ. ನಾನಾದರೋ ಬಸ್ ಟಿಕೆಟ್ಟಿನ ಹಿಂದಿನ ಸೂಚನೆಗಳನ್ನೂ ಬಿಡದೆ ಓದುವವನು. ಎಂಜಿನ್ ಮುಚ್ಚಳ ತೆಗೆದರೆ ನನಗೆ ಅಲ್ಲಿ ಬ್ಯಾಟರಿಯೊಂದೇ ಗುರುತು ಸಿಗುತ್ತದೆ. ಈ ಎರಡು ಸಂಗತಿಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಇಡೀ ಪ್ರಕರಣ ಇವೆರಡರ ನಡುವಿನ ಸಂದಿಯಲ್ಲಿಯೇ ಬಿದ್ದಿದೆ.

ಮೂರನೆಯ ಪಕ್ಷ ಮಸ್ಕತ್ತಿನಲ್ಲಿ ನಮಗೆ ಕಾರು ಕೊಟ್ಟ ಬಾಡಿಗೆಯವನು. ಅವನ ಹೆಸರು ಇಲ್ಲಿ ಬೇಡ. ನಾವು ಕೇಳಿದ ಪ್ರಶ್ನೆಗೆ ಅವನು ಸರಿಯಾದ ಉತ್ತರವನ್ನೇ ಕೊಟ್ಟಿದ್ದಾನೆ.

ಹಿನ್ನೆಲೆ

ಒಮಾನನ್ನು ಆರಿಸಿದವನು ಸಾವ್ಕಾರ. ಹೈದರಾಬಾದಿನಿಂದ ಮಸ್ಕತ್ತಿಗೆ ನೇರ ವಿಮಾನವಿದೆ, ನಮ್ಮೂರಿನಿಂದ ಜಹೀರಾಬಾದ್ ಮೇಲೆ ಹಾದು ಶಂಷಾಬಾದ್ ವಿಮಾನ ನಿಲ್ದಾಣ ಮುಟ್ಟುವ ಹೊತ್ತಿನಲ್ಲಿ ಅತ್ತ ಆಕಾಶದಲ್ಲಿ ಅರಬ್ಬಿ ಸಮುದ್ರವನ್ನೇ ದಾಟಿಬಿಡಬಹುದು ಎಂಬುದು ಅವನ ವಾದ. ನನಗೆ ಬೇರೆಯದೇ ಆಸೆ ಇತ್ತು. ಬಹಮನಿಗಳ ಕಾಲದಲ್ಲಿ ಬೀದರಿಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫಾನಾಸಿ ನಿಕಿಟಿನ್ ಹೋರ್ಮುಜಿನಿಂದ ಹೊರಟು ಮಸ್ಕತ್ತನ್ನು ಹಾದು ನಮ್ಮ ಕಡೆಯ ಕರಾವಳಿ ಸೇರಿದ್ದ. ಮಾರುವುದಕ್ಕೆಂದು ಒಂದು ಗಂಡು ಕುದುರೆಯನ್ನು ತಂದಿದ್ದ. ಜುನ್ನರಿನ ಅಧಿಕಾರಿ ಅದನ್ನು ಕಿತ್ತುಕೊಂಡ, ಮಧ್ಯಸ್ಥರೊಬ್ಬರು ನಡುವೆ ಬಂದ ಮೇಲೆ ಬಿಟ್ಟ, ಕಡೆಗೆ ಕುದುರೆ ಮಾರಾಟವಾದದ್ದು ಬೀದರಿನಲ್ಲಿ. 1469ರಿಂದ 1472ರ ಆಸುಪಾಸಿನ ಮಾತು ಇದು. ಅವನು ಬಂದ ದಾರಿಯನ್ನು ತಿರುವಿ ಹಿಡಿದು ನೋಡಬೇಕು ಎಂದು ನಾನು ಹೇಳಿದಾಗ ಸಾವ್ಕಾರ, ‘ಕುದುರಿ ಕಸ್ಕೊಂಡ್ರಂತಲ್ಲ, ಅದೊಂದು ಬ್ಯಾಡ’ ಎಂದಿದ್ದ. ವಾಹನದ ವಿಷಯದಲ್ಲಿ ಅವನ ನಾಲಿಗೆ ಒಳ್ಳೆಯದಲ್ಲ ಎಂಬುದು ಈಗ ಸಾಬೀತಾಗಿದೆ.

ತಯಾರಿಯಲ್ಲಿ ಕೊರತೆ ಇರಲಿಲ್ಲ. ಇಬ್ಬರೂ ಆರ್‌ಟಿಒ ಕಚೇರಿಯಲ್ಲಿ 1000 ರೂಪಾಯಿ ಶುಲ್ಕ ಕಟ್ಟಿ ಒಂದು ವರ್ಷ ನಡೆಯುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದೆವು. ಸಾವ್ಕಾರನ ಮನೆಯಿಂದ ನಲವತ್ತು ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಣಗಿದ ಪುಂಡಿಪಲ್ಲೆ ಬಂದವು. ನಮ್ಮ ಮನೆಯಿಂದ ಎರಡು ಶಾಲು ಬಂದವು. ಕೊಲ್ಲಿ ದೇಶಕ್ಕೆ ಶಾಲೇಕೆ ಎಂದು ಅವನು ನಕ್ಕ. ಆ ಶಾಲುಗಳ ಅಗತ್ಯವೇ ನಮ್ಮ ಪ್ರವಾಸದ ಗುರಿಯಾಗಿತ್ತು ಎಂಬುದನ್ನು ಅವನು ಮರೆತಿದ್ದ. ಒಮಾನಿನ ಜಬಲ್ ಅಖ್ದರ್, ಅಂದರೆ ಹಸಿರು ಬೆಟ್ಟ, ಸುಮಾರು 2000 ಮೀಟರ್ ಎತ್ತರದಲ್ಲಿ ಸೈಕ್ ಎಂಬ ಪ್ರಸ್ಥಭೂಮಿಯನ್ನು ಹೊತ್ತು ನಿಂತಿದೆ. ಕೆಳಗಿನ ಮರಳುನಾಡು ಕಾದ ಹಂಚಿನಂತಿರುವಾಗ ಮೇಲೆ ಗುಲಾಬಿ ಅರಳುತ್ತದೆ, ದಾಳಿಂಬೆ ಬೆಳೆಯುತ್ತದೆ. ಏಪ್ರಿಲ್ ಎಂದರೆ ಅಲ್ಲಿ ಹೂ ಕಿತ್ತು ಮಣ್ಣಿನ ಒಲೆಗಳಲ್ಲಿ ಗುಲಾಬಿ ನೀರು ಬಟ್ಟಿ ಇಳಿಸುವ ಕಾಲ. ಬೀದರಿನ ಬೇಸಿಗೆಯಿಂದ ತಪ್ಪಿಸಿಕೊಳ್ಳಲು ಮರುಭೂಮಿಗೆ ಹೋದೆವು ಎಂದು ಮನೆಯವರು ಇಂದಿಗೂ ನಗುತ್ತಾರೆ. ನಮ್ಮ ಲೆಕ್ಕ ಬೆಟ್ಟದ ಮೇಲಿನದಾಗಿತ್ತು.

ತಪ್ಪಿನ ಬೀಜ ಬಿದ್ದದ್ದು ಬೀದರಿನಲ್ಲಿಯೇ, ಚೌಬಾರಾದ ಹತ್ತಿರ, ಚಹಾದ ಅಂಗಡಿಯಲ್ಲಿ. ಬೆಟ್ಟದ ಮೇಲಿನ ವಸತಿಯವರಿಂದ ನನ್ನ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು. ಕೋಣೆ ಖಾತ್ರಿಯಾದದ್ದು, ಊಟದ ವೇಳೆ, ಹಣ ಹಿಂದಿರುಗದ ಷರತ್ತು, ಇವುಗಳ ನಡುವೆ ಒಂದು ಸಾಲು: ಫೋರ್ ವ್ಹೀಲ್ ಡ್ರೈವ್ ವಾಹನಗಳಿಗೆ ಮಾತ್ರ ಪ್ರವೇಶ, ಪೊಲೀಸರು ತಪಾಸಣೆ ಮಾಡುತ್ತಾರೆ. ಸಾವ್ಕಾರ, ‘ಓದಿ ಹೇಳು ಮಾಸ್ತರ, ಚಾಳೀಸು ಅಂಗಡ್ಯಾಗ ಉಳದದ’ ಎಂದ. ನಾನು ಓದಿದೆ. ಓದಿದ್ದನ್ನು ಹೇಳದೆ, ತಿಳಿದುಕೊಂಡದ್ದನ್ನು ಹೇಳಿದೆ: ‘ಫೋರ್ ವ್ಹೀಲರ್ ಇರಬೇಕಂತ. ಟೂ ವ್ಹೀಲರ್ ಬಿಡಂಗಿಲ್ಲಂತ.’

‘ನಾವೇನ್ ಬೈಕಿನ ಮ್ಯಾಗ ಹೊಂಟೀವೇನು?’ ಎಂದು ಅವನು ಚಹಾ ಮುಗಿಸಿದ.

ಎರಡನೆಯ ವಾಕ್ಯ ಸಂದೇಶದಲ್ಲಿ ಇರಲಿಲ್ಲ ಎಂಬುದನ್ನು ನಾನು ಇಲ್ಲಿ ದಾಖಲಿಸಬೇಕು. ಅದು ನನ್ನ ಸ್ವಂತ ವ್ಯಾಖ್ಯಾನ. ಮೊದಲ ವಾಕ್ಯ ತಪ್ಪಾಗಿದ್ದರೂ ಅನುಮಾನಕ್ಕೆ ಎಡೆಯಿತ್ತು. ಎರಡನೆಯದು ಆ ಅನುಮಾನದ ಬಾಗಿಲನ್ನೂ ಹಾಕಿ ಚಿಲಕ ಏರಿಸಿತು.

ಘಟನೆ

ಗುರುವಾರ ಮಸ್ಕತ್ತಿನಲ್ಲಿ ಇಳಿದು ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡು ಬಾಡಿಗೆ ಕಾರಿನ ಕಿಟಕಿಗೆ ಹೋದೆವು. ಅಲ್ಲಿದ್ದವನು ಹಿಂದಿ ಬಲ್ಲವನು, ಸಾವ್ಕಾರನದು ಬೀದರಿನ ದಖನಿ. ಮಾತು ಸರಾಗವಾಗಿಯೇ ಹರಿಯಿತು. ಫೋರ್ ಬೈ ಫೋರ್ ಬೇಕೇ ಎಂದು ಅವನು ತಾನಾಗಿಯೇ ಕೇಳಿದ. ಸಾವ್ಕಾರನಿಗೆ ಫೋರ್ ಬೈ ಫೋರ್ ಎಂದರೆ ಏನೆಂದು ಚೆನ್ನಾಗಿ ಗೊತ್ತು. ಅದರ ಬಾಡಿಗೆ ಎರಡು ಪಟ್ಟು ಎಂಬುದೂ ಆಗಲೇ ಗೊತ್ತಾಯಿತು. ಮರಳಿನಲ್ಲಿ ಹೋಗುವವರಲ್ಲ ನಾವು, ನಿಜ್ವಾ ಊರಿಗೆ ಹೋಗುವವರು ಎಂದು ಬೇಡವೆಂದ. ಆದರೂ ಜಾಣ ಗಿರಾಕಿಯ ಹಾಗೆ ಒಂದು ಪ್ರಶ್ನೆ ಕೇಳಿದ: ‘ಪಹಾಡ್ ಚಡ್ತಾ ನಾ ಗಾಡಿ?’ ಅವನು ತಲೆಯಾಡಿಸಿ, ‘ಚಡ್ತಾ’ ಎಂದ. ಕಾರು ಬೆಟ್ಟ ಹತ್ತುತ್ತದೆಯೇ ಎಂಬ ಪ್ರಶ್ನೆಗೆ ಹತ್ತುತ್ತದೆ ಎಂಬುದೇ ಉತ್ತರ. ಹತ್ತಲು ಬಿಡುತ್ತಾರೆಯೇ ಎಂದು ಯಾರೂ ಕೇಳಲಿಲ್ಲ, ಯಾವ ಬೆಟ್ಟ ಎಂದು ಅವನೂ ಕೇಳಲಿಲ್ಲ.

ಹೊರಡುವ ಮೊದಲು ಸಾವ್ಕಾರ ಹತ್ತಿರದ ಅಂಗಡಿಯಿಂದ ನಾಲ್ಕು ನಿಂಬೆಹಣ್ಣು ತಂದು ಒಂದೊಂದು ಚಕ್ರದ ಕೆಳಗೆ ಒಂದೊಂದನ್ನು ಇಟ್ಟು, ಗಾಡಿಯನ್ನು ಮುಂದಕ್ಕೆ ಚಲಿಸಿ, ಇಳಿದು, ನಾಲ್ಕೂ ಒಡೆದಿವೆ ಎಂದು ಎಣಿಸಿ ಖಾತ್ರಿ ಮಾಡಿಕೊಂಡ. ಈ ಎಣಿಕೆ ಮುಂದೆ ಸಾಕ್ಷ್ಯವಾಗಿ ಬರುತ್ತದೆ.

ಒಮಾನಿನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಸ್ಟೀರಿಂಗ್ ಎಡಕ್ಕಿರುತ್ತದೆ. ಮಸ್ಕತ್ತಿನಿಂದ ನಿಜ್ವಾವರೆಗಿನ ಸುಮಾರು 160 ಕಿಲೋಮೀಟರ್ ದಾರಿಯಲ್ಲಿ ಸಾವ್ಕಾರ ತಿರುವಿಗೆ ಸೂಚನೆ ಕೊಡಬೇಕಾದಾಗಲೆಲ್ಲ ವೈಪರ್ ಹಾಕಿದ. ಮೋಡವೇ ಇಲ್ಲದ ಆಕಾಶದ ಕೆಳಗೆ ಗಾಜು ಒರೆಸಿಕೊಳ್ಳುತ್ತ ಬರುತ್ತಿದ್ದ ನಮ್ಮ ಕಾರಿಗೆ ಹಿಂದಿನವರು ತಾವಾಗಿಯೇ ದಾರಿ ಬಿಡುತ್ತಿದ್ದರು. ಎಡಗೈ ಗೇರಿನ ಕಡ್ಡಿ ಹುಡುಕಿ ಬಾಗಿಲಿಗೆ ಬಡಿದುಕೊಳ್ಳುತ್ತಿತ್ತು. ಪೆಟ್ರೋಲ್ ಪಂಪಿನಿಂದ ಹೊರಬರುವಾಗ ಎಡಬದಿಗೆ ಹೋಗಿ, ಎದುರಿನವನು ದೀಪ ಮಿಟುಕಿಸಿದ ಮೇಲೆ ಎಚ್ಚರಾಯಿತು. ಅಂದಿನಿಂದ ಪ್ರತಿ ಸಲ ಹೊರಡುವಾಗಲೂ ‘ಬಲಕ್ಕ, ಬಲಕ್ಕ’ ಎಂದು ಹೇಳುತ್ತಿರುವುದು ನನ್ನ ಹೊಣೆಯಾಯಿತು. ನಿಜ್ವಾದ ಮೊದಲ ವೃತ್ತದಲ್ಲಿ ಯಾವ ದಾರಿಗೆ ಹೊರಬೀಳಬೇಕೆಂದು ಫೋನು ಹೇಳುವಷ್ಟರಲ್ಲಿ ಆ ದಾರಿ ಹಿಂದಕ್ಕೆ ಹೋಗಿರುತ್ತಿತ್ತು. ನಾಲ್ಕು ಸುತ್ತು ಹಾಕಿದೆವು. ಸಾವ್ಕಾರ, ‘ಹನುಮಪ್ಪಗ ಮೂರು ಸುತ್ತು ಸಾಕಾಗ್ತದ, ಈ ಊರಾಗ ಎಷ್ಟು ಬೇಕಂತ ಕೇಳು’ ಎಂದ. ಇಷ್ಟಾದರೂ ಕಾರಿಗೆ ಒಂದು ಗೀರೂ ಬೀಳಲಿಲ್ಲ. 120ರ ಮಿತಿ ದಾಟಿದೊಡನೆ ಗಾಡಿ ಗಂಟೆ ಬಾರಿಸುತ್ತಿತ್ತು, ವೇಗ ಹಿಡಿಯುವ ಕ್ಯಾಮರಾಗಳೂ ದಾರಿಯುದ್ದಕ್ಕೂ ಇದ್ದವು. ಆ ದಿನದ ಮಟ್ಟಿಗೆ ಸಾವ್ಕಾರನ ಚಾಲನೆಯನ್ನು ತಪ್ಪಿನ ಪಟ್ಟಿಗೆ ನಾನು ಸೇರಿಸುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ನಿಜ್ವಾದ ಆಡಿನ ಸಂತೆಗೆ ಹೋದೆವು. ಅಲ್ಲಿ ಕೊಳ್ಳುವವರು ಕುಳಿತಿರುತ್ತಾರೆ, ಮಾರುವವರು ಆಡುಗಳನ್ನು ಹಿಡಿದು ಸುತ್ತ ತಿರುಗುತ್ತ ಬೆಲೆ ಕೂಗುತ್ತಾರೆ. ನಮ್ಮ ದನದ ಜಾತ್ರೆಗಳಲ್ಲಿ ವಸ್ತ್ರದ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಹೇಳುವುದನ್ನು ಕಂಡ ಸಾವ್ಕಾರನಿಗೆ ಈ ಬಹಿರಂಗ ವ್ಯವಹಾರ ಬಹಳ ಹಿಡಿಸಿತು. ದೇವಣಿ ಎತ್ತು ಕೊಂಡ ಮನೆತನದವನಾದ್ದರಿಂದ ಒಂದು ಆಡಿನ ಬಾಯಿ ತೆರೆದು ಹಲ್ಲು ನೋಡಿದ. ಹಲ್ಲು ನೋಡಿದ ಮೇಲೆ ಗಿರಾಕಿಯೆಂದೇ ಅರ್ಥ. ಆಡಿನವನು ನಮ್ಮನ್ನು ಕಾರಿನವರೆಗೆ ಬೆನ್ನಟ್ಟಿ ಬಂದ. ಇದರಿಂದ ಒಂದು ಗಂಟೆ ತಡವಾಯಿತು. ತಡವಾಗದಿದ್ದರೆ ಪ್ರಕರಣ ಬೇರೆಯಾಗುತ್ತಿತ್ತೇ ಎಂದು ಯೋಚಿಸಿದ್ದೇನೆ. ಆಗುತ್ತಿರಲಿಲ್ಲ, ಕಾಯುವ ಹೊತ್ತು ಮಾತ್ರ ಕಡಿಮೆಯಾಗುತ್ತಿತ್ತು.

ತಪಾಸಣಾ ಠಾಣೆಯಲ್ಲಿ ಯುವ ಪೊಲೀಸನೊಬ್ಬ ಸಲಾಂ ಹೇಳಿ, ಕಾಗದಗಳನ್ನು ನೋಡಿ, ಕಾರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ‘ಫೋರ್ ವ್ಹೀಲ್ ಓನ್ಲಿ’ ಎಂದ. ಡ್ರೈವ್ ಎಂಬ ಪದವನ್ನು ಅವನೂ ನುಂಗಿದ್ದ. ಸಾವ್ಕಾರ ನಗುತ್ತ ಕೆಳಗಿಳಿದು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಂದೊಂದು ಚಕ್ರವನ್ನೂ ಕೈಯಿಂದ ತಟ್ಟಿ ತೋರಿಸಿ, ‘ಚಾರೀಚ್ ಹೈಂ ಸಾಬ್, ಗಿನ್ಕೆ ದೇಖೋ’ ಎಂದ. ಪೊಲೀಸ್ ಮತ್ತೆ ಅದನ್ನೇ ಹೇಳಿದ. ಸಾವ್ಕಾರ ಡಿಕ್ಕಿ ತೆರೆದು ಐದನೆಯದನ್ನೂ ತೋರಿಸಿದ. ನನ್ನ ಕಡೆಗೆ ತಿರುಗಿ ಕನ್ನಡದಲ್ಲಿ, ‘ನಿನ್ನೆ ನಾಲ್ಕು ನಿಂಬಿಹಣ್ಣು ಎಣಿಸಿ ಇಟ್ಟೀನಲ್ಲ, ಇವನಿಗಿ ಹೇಳು’ ಎಂದ.

ಪೊಲೀಸ್ ತಾಳ್ಮೆಯಿಂದ ರಸ್ತೆಬದಿಯ ಫಲಕವನ್ನು ತೋರಿಸಿದ. ಸಾವ್ಕಾರನ ಚಾಳೀಸು ಬೀದರಿನಲ್ಲಿತ್ತು. ಅವನು ನನಗೆ ಓದು ಎಂದ. ನಾನು ಈ ಸಲ ಅರ್ಥ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಓದಿದೆ: ‘ಫೋರ್ ಡಬ್ಲ್ಯೂ ಡಿ.’

ಸಾವ್ಕಾರ ಡಿಕ್ಕಿಯ ಬಾಗಿಲನ್ನು ನಿಧಾನವಾಗಿ ಮುಚ್ಚಿದ. ‘ಏನಂದಿ? ಇನ್ನೊಮ್ಮೆ ಓದು.’ ಓದಿದೆ. ಅವನು ನನ್ನನ್ನೇ ನೋಡುತ್ತ ನಿಂತ. ಆಮೇಲೆ ಒಮಾನಿನ ಬೆಟ್ಟಗಳಿಗೆ ಕೇಳಿಸುವಂತೆ ಹೇಳಿದ: ‘ಇದು ಫೋರ್ ವ್ಹೀಲರ್ ಅಲ್ಲೋ ಮಾಸ್ತರ, ಫೋರ್ ವ್ಹೀಲ್ ಡ್ರೈವ್! ಮೂವತ್ತು ವರ್ಷ ಇದರದೇ ಸಾಮಾನು ಮಾರೀನಿ!’

ಪೊಲೀಸನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಫೋರ್ ವ್ಹೀಲ್ ಡ್ರೈವ್ ಎಂಬ ಪದಗಳನ್ನು ಕೇಳಿ ಸಂತೋಷದಿಂದ ಸಾವ್ಕಾರನ ಕೈ ಕುಲುಕಿದ. ಪೊಲೀಸನ ಮನಸ್ಸು ಕರಗಬಹುದೆಂದು ಚೀಲದಲ್ಲಿದ್ದ ಒಂದು ಬಿದ್ರಿ ಡಬ್ಬಿಯನ್ನು ಉಡುಗೊರೆಯಾಗಿ ಕೊಡಲು ಸಾವ್ಕಾರ ಯೋಚಿಸಿದ್ದನ್ನೂ ಇಲ್ಲಿ ಹೇಳಬೇಕು. ಅದನ್ನು ನಾನು ತಡೆದೆ. ತಡೆಯದಿದ್ದರೆ ಬರೆಯಬೇಕಾದ ಪ್ರಕರಣ ಬೇರೆ ವಿಭಾಗದ್ದಾಗುತ್ತಿತ್ತು.

ಬುಡದಲ್ಲಿ ಕಳೆದ ಮೂರೂವರೆ ಗಂಟೆ

ನಮ್ಮ ಮುಂದೆ ಮೂರು ದಾರಿಗಳಿದ್ದವು. ಮಸ್ಕತ್ತಿಗೆ ಹಿಂದಿರುಗಿ ಕಾರು ಬದಲಿಸಿಕೊಳ್ಳುವುದು ಮೊದಲನೆಯದು. ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ಬಾಡಿಗೆಯವನ ಫೋನು ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕೋಣೆಯ ಹಣ ಬಿಟ್ಟು ನಿಜ್ವಾದಲ್ಲಿಯೇ ಉಳಿಯುವುದು ಎರಡನೆಯದು; ಸಾವ್ಕಾರನ ವಂಶದಲ್ಲಿ ಕಟ್ಟಿದ ಹಣ ಬಿಟ್ಟವರಿಲ್ಲ. ಕೆಳಗೆ ಕಾಯುವ ಫೋರ್ ವ್ಹೀಲ್ ಡ್ರೈವ್ ಗಾಡಿಯನ್ನು ಚಾಲಕನ ಸಮೇತ ಬಾಡಿಗೆಗೆ ಹಿಡಿಯುವುದು ಮೂರನೆಯದು. ಬಿರ್ಕತ್ ಅಲ್ ಮೌಜಿನಲ್ಲಿ ಅಂಥ ಗಾಡಿಗಳು ಸಿಗುತ್ತವೆ, ಆದರೆ ಶುಕ್ರವಾರದ ನಮಾಜಿನ ಹೊತ್ತು ಹತ್ತಿರವಾಗಿತ್ತು. ಎರಡು ಗಂಟೆಯ ಮೇಲೆ ಬನ್ನಿ ಎಂದು ಒಬ್ಬ ಹಿರಿಯ ಚಾಲಕ ಹಿಂದಿಯಲ್ಲಿಯೇ ಹೇಳಿ ಹೋದ.

ಆ ಊರಿನ ಹೆಸರಿಗೆ ಬಾಳೆಯ ಕೊಳ ಎಂದು ಅರ್ಥ. ಬೋಳು ಬೆಟ್ಟಕ್ಕೆ ಅಂಟಿಕೊಂಡ ಹಳೆಯ ಮಣ್ಣಿನ ಮನೆಗಳು ಜನ ಬಿಟ್ಟು ಪಾಳುಬಿದ್ದಿವೆ, ಅವುಗಳ ಕೆಳಗೆ ಖರ್ಜೂರದ ತೋಟ ಹಬ್ಬಿದೆ, ತೋಟದೊಳಗೆ ಕಾಲುವೆಯಲ್ಲಿ ನೀರು ಓಡುತ್ತದೆ. ಅದು ಫಲಜ್ ಅಲ್ ಖತ್ಮೈನ್. ಫಲಜ್ ಎಂದರೆ ಪಂಪಿಲ್ಲದೆ, ನೆಲದ ಇಳಿಜಾರಿನ ಬಲದಿಂದಲೇ ನೀರನ್ನು ದೂರದಿಂದ ಊರಿಗೆ ತರುವ ವ್ಯವಸ್ಥೆ. ಒಮಾನಿನಲ್ಲಿ ಇಂದಿಗೂ ಸುಮಾರು 3000 ಫಲಜ್‌ಗಳು ಬಳಕೆಯಲ್ಲಿವೆ. ಅವುಗಳಲ್ಲಿ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಇದು ಆ ಐದರಲ್ಲಿ ಒಂದು. ನಮ್ಮ ನೌಬಾದಿನ ಸುರಂಗ ಬಾವಿಯ ತತ್ತ್ವವೂ ಇದೇ. ಬಹಮನಿಗಳ ಕಾಲದಲ್ಲಿ ನೆಲದೊಳಗೆ ಸುಮಾರು 3 ಕಿಲೋಮೀಟರ್ ಕೊರೆದು, ನಡುನಡುವೆ ಗಾಳಿಬಾವಿಗಳನ್ನು ಇಳಿಸಿ ತಂದ ನೀರಿನ ದಾರಿ ಅದು. ಆ ಬಾವಿಗಳ ಬಾಯಿಯನ್ನು ಚಿಕ್ಕವರಿದ್ದಾಗ ನಾವಿಬ್ಬರೂ ಬಗ್ಗಿ ನೋಡಿದವರು, ಕಲ್ಲು ಎಸೆದು ಸದ್ದು ಕೇಳಿದವರು. ಅದೇ ಕುಲದ ಇನ್ನೊಂದು ನೀರು ಬದುಕಿಕೊಂಡು, ತೋಟದ ಲೆಕ್ಕ ಹಿಡಿದುಕೊಂಡು, ಸದ್ದು ಮಾಡುತ್ತ ಹೋಗುವುದನ್ನು ನೋಡಿ ಸಾವ್ಕಾರನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇಳಿಸಲು ಅವನು ಕಾಲನ್ನು ನೀರಿಗೆ ಬಿಟ್ಟ. ತೋಟದ ಹುಡುಗನೊಬ್ಬ ಓಡಿಬಂದು ಇನ್ನೂ ಕೆಳಕ್ಕೆ ಹೋಗಿ ಎಂದು ಸನ್ನೆ ಮಾಡಿದ. ಮೊದಲು ಕುಡಿಯುವ ನೀರು, ಆಮೇಲೆ ಮಸೀದಿ ಮತ್ತು ಸ್ನಾನದ ಜಾಗ, ಕಡೆಗೆ ಹೊಲ ತೋಟ ಎಂಬುದು ಫಲಜಿನ ಕ್ರಮ. ನಾವು ಕುಡಿಯುವ ಕಡೆ ಕುಳಿತಿದ್ದೆವು.

ಕೆಳಗೆ ಸರಿದು, ಖರ್ಜೂರದ ನೆರಳಿನಲ್ಲಿ ರೊಟ್ಟಿ ಬಿಚ್ಚಿದೆವು. ಅಂಗಡಿಯಿಂದ ತಂದ ಮಜ್ಜಿಗೆಯಂಥ ಲಬನ್ ಶೇಂಗಾ ಹಿಂಡಿಗೆ ಚೆನ್ನಾಗಿ ಹೊಂದಿತು. ಚಹಾ ಅಲ್ಲಿ ಕರಕ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಅರಬ್ಬಿಯಲ್ಲಿ ಡಕಾರವಿಲ್ಲದ್ದರಿಂದ ನಮ್ಮ ಕಡಕ್ ಕಡಲು ದಾಟಿ ಕರಕ್ ಆಗಿದೆ. ಖಡಕ್ ರೊಟ್ಟಿ ತಿಂದು ಕರಕ್ ಚಹಾ ಕುಡಿದ ಮೇಲೆ ವಿಚಾರಣೆ ಶುರುವಾಯಿತು.

ಕಾರಣಗಳ ಪರಿಶೀಲನೆ

ಸಾವ್ಕಾರನ ಆರೋಪ ನೇರವಾಗಿತ್ತು: ಓದಿದವನು ತಪ್ಪು ಓದಿದ. ನನ್ನ ಉತ್ತರ ಹೀಗಿತ್ತು: ಓದುವುದರಲ್ಲಿ ತಪ್ಪಿಲ್ಲ, ಹೇಳುವುದರಲ್ಲಿ ತಪ್ಪಿದೆ, ಆ ತಪ್ಪು ನನ್ನೊಬ್ಬನದಲ್ಲ, ನಮ್ಮೂರಿನ ಮಾತಿನದು. ನಮ್ಮಲ್ಲಿ ಮೋಟಾರು ಬೈಕು ಟೂ ವ್ಹೀಲರ್, ಆಟೋ ಥ್ರೀ ವ್ಹೀಲರ್, ಕಾರು ಜೀಪು ಎಲ್ಲ ಫೋರ್ ವ್ಹೀಲರ್. ಗಾಡಿ ನಿಲ್ಲಿಸುವ ಜಾಗದ ಹಲಗೆ, ಡ್ರೈವಿಂಗ್ ಶಾಲೆಯ ಬೋರ್ಡು, ವಿಮೆಯವನ ಚೀಟಿ ಎಲ್ಲವೂ ಹೀಗೆಯೇ ಹೇಳುತ್ತವೆ. ಫೋರ್ ವ್ಹೀಲ್ ಎಂಬ ಎರಡು ಪದ ಕಣ್ಣಿಗೆ ಬಿದ್ದೊಡನೆ ಮೂರನೆಯದನ್ನು ಓದುವ ಅಗತ್ಯವೇ ನನ್ನ ಮನಸ್ಸಿಗೆ ಕಾಣಲಿಲ್ಲ. ಟ್ರ್ಯಾಕ್ಟರ್ ಅಂಗಡಿಯಲ್ಲಿ ಅವೇ ಪದಗಳಿಗೆ ಬೇರೆ ಬೆಲೆ ಇದೆ. ಟೂ ವ್ಹೀಲ್ ಡ್ರೈವ್ ಟ್ರ್ಯಾಕ್ಟರಿಗೂ ಚಕ್ರ ನಾಲ್ಕೇ. ಎಂಜಿನ್ನಿನ ಬಲ ಹಿಂದಿನ ಎರಡಕ್ಕೆ ಮಾತ್ರ ಹೋಗುತ್ತದೆ. ಫೋರ್ ವ್ಹೀಲ್ ಡ್ರೈವಿನಲ್ಲಿ ಮುಂದಿನ ಅಚ್ಚಿಗೂ ಬಲ ಹೋಗುತ್ತದೆ, ಹಸಿ ಎರೆಹೊಲದಲ್ಲಿ ಹೂತುಕೊಳ್ಳುವುದು ಕಡಿಮೆ. ಸಾವ್ಕಾರನ ಅಂಗಡಿಯ ಕೆಲಸದ ಹುಡುಗನಿಗೂ ಈ ವ್ಯತ್ಯಾಸ ಗೊತ್ತು.

ಹಾಗಾದರೆ ಸಂದೇಶವನ್ನು ಅವನೇ ಓದಿದ್ದರೆ ಪ್ರಕರಣವೇ ಹುಟ್ಟುತ್ತಿರಲಿಲ್ಲ. ನನ್ನ ಬಳಿ ಬರಹವಿತ್ತು, ಅದನ್ನು ಅರಿಯುವ ತಿಳಿವಳಿಕೆ ಇರಲಿಲ್ಲ. ಅವನ ಬಳಿ ತಿಳಿವಳಿಕೆಯಿತ್ತು, ಬರಹ ಮುಟ್ಟಲಿಲ್ಲ, ಏಕೆಂದರೆ ಚಾಳೀಸು ಗಲ್ಲಾದಲ್ಲಿತ್ತು. ಬಾಡಿಗೆಯವನು ಫೋರ್ ಬೈ ಫೋರ್ ಎಂದು ಕೇಳಿದ ಕ್ಷಣದಲ್ಲಿ ಅವೆರಡೂ ಒಂದಾಗುವ ಅವಕಾಶವಿತ್ತು. ಆದರೆ ಅದು ವ್ಹೀಲರ್, ಇದು ಬೈ ಫೋರ್. ಎರಡೂ ಒಂದೇ ವಿಷಯವೆಂದು ಸಾವ್ಕಾರನಿಗೆ ತೋಚಲಿಲ್ಲ. ಪಕ್ಕದಲ್ಲಿ ಕಾಗದಗಳಿಗೆ ಸಹಿ ಹಾಕುತ್ತಿದ್ದ ನನಗೆ ಫೋರ್ ಬೈ ಫೋರ್ ಎಂದರೆ ಮರಳಿನಲ್ಲಿ ಓಡುವ ಗಾಡಿ ಎಂದಷ್ಟೇ ಗೊತ್ತಿತ್ತು. ತರಗತಿಯಲ್ಲಿ ಮಾಹಿತಿಯ ಹರಿವಿನ ಬಗ್ಗೆ ನಾನು ಹಲವು ವರ್ಷದಿಂದ ಪಾಠ ಹೇಳುತ್ತಿದ್ದೇನೆ ಎಂಬುದನ್ನು ಸಾವ್ಕಾರ ಆಗ ನೆನಪಿಸಿದ. ನೆನಪಿಸುವ ಅಗತ್ಯವಿರಲಿಲ್ಲ.

ಅವನ ಮೇಲೆ ನನ್ನ ಪ್ರತ್ಯಾರೋಪ ಒಂದಿತ್ತು. ವಾಹನ ಬಲ್ಲವನು ಅವನು. ಬೆಟ್ಟಕ್ಕೆ ಪೊಲೀಸ್ ತಪಾಸಣೆ ಇದೆ ಎಂದು ಕೇಳಿದ ಮೇಲೆ ಬೈಕು ಬಿಡುವುದಿಲ್ಲವೆಂಬಷ್ಟಕ್ಕೆ ಪೊಲೀಸರೇಕೆ ಬೇಕು ಎಂದು ಅವನಿಗೆ ಅನುಮಾನ ಬರಬೇಕಿತ್ತು. ಇದಕ್ಕೆ ಅವನು ಬಹಳ ಹೊತ್ತು ಸುಮ್ಮನಿದ್ದು, ‘ನೀ ಹೇಳಿದಿ ಅಂತ ನಂಬಿದೆ’ ಎಂದ. ಇದನ್ನು ವಾದವೆಂದು ದಾಖಲಿಸಬೇಕೋ, ಬೈಗುಳವೆಂದು ದಾಖಲಿಸಬೇಕೋ ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.

ನಿಯಮವೇ ಅತಿಯಾಯಿತು ಎಂಬ ಇನ್ನೊಂದು ವಾದವೂ ಆ ನೆರಳಿನಲ್ಲಿ ಹುಟ್ಟಿತು. ಮೇಲಿನವರೆಗೂ ಡಾಂಬರು ರಸ್ತೆಯಿದೆ, ನಮ್ಮ ಕಾರು ಹತ್ತಿಯೇ ಹತ್ತುತ್ತಿತ್ತು ಎಂದು ಸಾವ್ಕಾರ ಹಟ ಹಿಡಿದ. ಈ ವಾದವನ್ನು ಮರುದಿನ ಅವನೇ ಹಿಂದಕ್ಕೆ ಪಡೆದ.

ಏರಿಕೆ ಮತ್ತು ಇಳಿಕೆ

ಎರಡೂಕಾಲಿಗೆ ಹಿರಿಯ ಚಾಲಕ ತನ್ನ ಹಳೆಯ ಲ್ಯಾಂಡ್ ಕ್ರೂಸರ್ ತಂದ. ಅಂದು ಮೇಲಕ್ಕೆ ಬಿಟ್ಟು ಮರುದಿನ ಕೆಳಗೆ ಇಳಿಸಲು 36 ರಿಯಾಲ್ ಎಂದು ಮಾತಾಯಿತು. ನಮ್ಮ ಲೆಕ್ಕದಲ್ಲಿ ಏಳು ಸಾವಿರ ರೂಪಾಯಿಗೂ ಮೇಲೆ. ಸಾವ್ಕಾರ ಚೌಕಾಸಿ ಮಾಡಲು ಹೋಗಿ ಒಂದು ರಿಯಾಲಿಗೆ ಸಾವಿರ ಬೈಸಾ ಎಂಬ ಲೆಕ್ಕದಲ್ಲಿ ಸಿಕ್ಕಿಕೊಂಡು ಬಿಟ್ಟುಬಿಟ್ಟ. ನಮ್ಮ ಕಾರನ್ನು ತೋಟದ ಬದಿಯಲ್ಲಿ ನಿಲ್ಲಿಸಿ, ಅದೇ ಪೊಲೀಸನಿಗೆ ಕೈ ಬೀಸಿ ಮೇಲೆ ಹೋದೆವು.

ಮೇಲಿನ ಸಂಗತಿ ಪ್ರಕರಣಕ್ಕೆ ಸೇರಿದ್ದಲ್ಲವಾದ್ದರಿಂದ ಬೇಗ ಮುಗಿಸುತ್ತೇನೆ. ಗುಲಾಬಿ ಇತ್ತು, ಮೆಟ್ಟಿಲು ಹೊಲಗಳಿದ್ದವು, ಒಲೆಗಳಿಂದ ಹೊಗೆಯ ವಾಸನೆಯ ಜೊತೆಗೆ ಹೂವಿನ ವಾಸನೆ ಬರುತ್ತಿತ್ತು. ಸಂಜೆಗೆ ಸಾವ್ಕಾರ ಎರಡೂ ಶಾಲುಗಳನ್ನು ತಾನೇ ಹೊದ್ದುಕೊಂಡ.

ಇಳಿಯುವಾಗ ಅವನು ಚಾಲಕನ ಪಕ್ಕದಲ್ಲಿ ಕುಳಿತ. ಚಾಲಕ ಮೊದಲ ಇಳಿಜಾರಿಗೇ ಗಾಡಿಯನ್ನು ಲೋ ಗೇರಿಗೆ ಹಾಕಿ ಬ್ರೇಕಿನ ಮೇಲಿಂದ ಕಾಲು ತೆಗೆದ. ಎಂಜಿನ್ ಗೊಣಗುತ್ತ, ಗಾಡಿಯನ್ನು ಹಿಡಿದುಕೊಂಡು ಇಳಿಯಿತು. ತಿರುವುಗಳ ನಡುವೆ ಅಲ್ಲಲ್ಲಿ ರಸ್ತೆಯಿಂದ ಕವಲೊಡೆದು ಗುಡ್ಡದ ಕಡೆಗೆ ಏರುವ ದಾರಿಗಳಿದ್ದವು. ಬ್ರೇಕು ಸೋತ ವಾಹನಗಳು ಓಡಿಬಂದು ಹತ್ತಿ ನಿಲ್ಲಲಿಕ್ಕೆ ಮಾಡಿದ ಜಾಗಗಳು ಅವು. ಸಾವ್ಕಾರ ಅವುಗಳನ್ನು ಎಣಿಸುತ್ತ ಬಂದ. ಮೂರನೆಯದನ್ನು ಎಣಿಸಿದ ಮೇಲೆ ಹಿಂದಕ್ಕೆ ತಿರುಗಿ, ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ. ನಾಲ್ಕೂ ಚಕ್ರಕ್ಕೆ ಬಲ ಹೋಗುವುದರಿಂದ ಲಾಭ ಏರಿಗೆ. ಇಳಿಜಾರಿನಲ್ಲಿ ಕಾಯುವುದು ಈ ಗಾಡಿಗಳಲ್ಲಿರುವ ಲೋ ಗೇರು. ಅದಿಲ್ಲದೆ ಬ್ರೇಕನ್ನೇ ಒತ್ತಿಕೊಂಡು ಬಂದರೆ ಬ್ರೇಕಿನ ಎಣ್ಣೆ ಕುದಿದು, ‘ಪೆಡಲ್ ತುಳದ್ರ ಬೆಣ್ಯಾಗ ಕಾಲಿಟ್ಟಂಗ ಆಗ್ತದ’. ಡೀಸೆಲ್ ಉಳಿಸಲು ಕಬ್ಬು ತುಂಬಿದ ಟ್ರಾಲಿಯನ್ನು ಇಳಿಜಾರಿನಲ್ಲಿ ನ್ಯೂಟ್ರಲಿಗೆ ಹಾಕಿ ಬಿಡುವ ಹುಡುಗರ ಟ್ರ್ಯಾಕ್ಟರುಗಳು ಆಮೇಲೆ ಅವನ ಅಂಗಡಿಗೆ ಯಾವ ಸ್ಥಿತಿಯಲ್ಲಿ ಬರುತ್ತವೆ ಎಂಬುದನ್ನೂ ಹೇಳಿದ.

ನಾನು ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ನಾವಿಬ್ಬರು ಕುಳಿತ ಒಂದೂವರೆ ಟನ್ನಿನ ಕಾರು 1300 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ, ನಮ್ಮ ಮನೆಯ ಹಂಡೆಯ ಅರವತ್ತು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಗಾಳಿ ಮತ್ತು ಎಂಜಿನ್ ತಮ್ಮ ಪಾಲು ತೆಗೆದುಕೊಂಡ ಮೇಲೂ ಉಳಿಯುವ ಕಾವೆಲ್ಲ ತಟ್ಟೆಯಷ್ಟಗಲದ ನಾಲ್ಕು ಬ್ರೇಕುಗಳ ಮೇಲೆ ಬೀಳಬೇಕು. ಆ ಪೊಲೀಸ್ ನಮ್ಮನ್ನು ತಡೆದದ್ದು ಏರಿಗಾಗಿ ಅಲ್ಲ, ಮರುದಿನದ ಇಳಿಜಾರಿಗಾಗಿ. ಸಾವ್ಕಾರ ಲೆಕ್ಕವನ್ನು ಕೇಳಿ, ಕೆಳಗಿಳಿದಾಗಲೇ ಆ ಬಿದ್ರಿ ಡಬ್ಬಿಯನ್ನು ಅವನಿಗೆ ಕೊಡಬೇಕಿತ್ತು ಎಂದ. ಈ ಸಲ ನಾನು ಏನೂ ಹೇಳಲಿಲ್ಲ.

ಖರ್ಚಿನ ಹಂಚಿಕೆ

36 ರಿಯಾಲಿನ ಹೊಣೆ ಯಾರದು ಎಂಬ ಪ್ರಶ್ನೆ ವಿಮಾನ ಹತ್ತುವವರೆಗೂ ಇತ್ಯರ್ಥವಾಗಿರಲಿಲ್ಲ. ಅರ್ಧರ್ಧ ಎಂದು ನಾನು, ಪೂರ್ತಿ ಮಾಸ್ತರನದು ಎಂದು ಅವನು. ಕಡೆಗೆ ದಾರಿ ತೋರಿಸಿದ್ದು ಫಲಜ್ ಅಲ್ ಖತ್ಮೈನ್. ಅಲ್ಲಿ ನೀರು ಒಂದು ಜಾಗದಲ್ಲಿ ಮೂರು ಸಮ ಪಾಲಾಗಿ ಒಡೆದು ಹೋಗುವುದನ್ನು ನಾವಿಬ್ಬರೂ ಕುಳಿತು ನೋಡಿದ್ದೆವು. ಅದರಂತೆಯೇ ಮೂರು ಪಾಲು ಮಾಡಿದೆವು. 12 ರಿಯಾಲ್ ನನಗೆ, ಬರೆದದ್ದನ್ನು ಬಿಟ್ಟು ಬೇರೆಯದನ್ನು ಹೇಳಿದ್ದಕ್ಕೆ. 12 ರಿಯಾಲ್ ಅವನಿಗೆ, ಚಾಳೀಸು ಬಿಟ್ಟು ಬಂದದ್ದಕ್ಕೆ. ಉಳಿದ 12 ರಿಯಾಲ್ ಯಾವ ಬೆಟ್ಟವೆಂದು ಕೇಳದ ಬಾಡಿಗೆಯವನಿಗೆ. ಸದ್ಯಕ್ಕೆ ಆ ಪಾಲನ್ನು ಸಾವ್ಕಾರನೇ ಕೈಯಿಂದ ಹಾಕಿದ್ದಾನೆ. ಕಳೆದ ದೀಪಾವಳಿಯಲ್ಲಿ ಅಂಗಡಿಯ ಪೂಜೆಗೆ ಹೋದಾಗ ಹೊಸ ಖಾತೆ ಪುಸ್ತಕಕ್ಕೆ ಹಳೆಯ ಬಾಕಿಗಳನ್ನು ಇಳಿಸುತ್ತಿದ್ದರು. ಕಮಠಾಣದ ಒಂದು ಕ್ಲಚ್ ಪ್ಲೇಟ್ ಮತ್ತು ಹುಮನಾಬಾದಿನ ಎರಡು ಬೇರಿಂಗುಗಳ ನಡುವೆ, ‘ಮಸ್ಕತ್ ಗಾಡಿಯವ, ಬರಬೇಕಾದದ್ದು 12 ರಿಯಾಲ್’ ಎಂಬ ಸಾಲನ್ನು ಸಾವ್ಕಾರ ಚಾಳೀಸು ಹಾಕಿಕೊಂಡು ತಾನೇ ಬರೆಯುತ್ತಿದ್ದ.